ನಾಲ್ಕೂ ಕಡೆ ಬೆಸುಗೆ

ಮಾರ್ಚ್ 3
ಮಾವನ ಗ್ಯಾರೇಜಿನಲ್ಲಿ ಮತ್ತೆ ಬಣ್ಣ ಕೆರೆಯುವ ಕೆಲಸ. ಅಕ್ಕನ ನಾಲ್ಕು ಚಕ್ರದ ಕ್ವಾಡ್ ಬೈಕಿನ ಎಂಜಿನ್, ಚಕ್ರ, ಸೀಟು ಎಲ್ಲ ಬಿಚ್ಚಿ ಗೋಡೆಗೆ ಒರಗಿಸಿದ್ದಾಯಿತು. ಉಳಿದದ್ದು ಫ್ರೇಮು, ಬರೀ ಎಲುಬು. ಮುಂದಿನ ಎಡ ಪೈಪಿನಲ್ಲಿ ಬಿರುಕು, ಕೂದಲೆಳೆಯಷ್ಟು. ಇದರ ಮೇಲೆಯೇ ಅಕ್ಕ ಔಷಧದ ಪೆಟ್ಟಿಗೆ ಕಟ್ಟಿಕೊಂಡು ತಿಂಗಳಿಡೀ ಗುಡ್ಡ ಹತ್ತಿಳಿದಿದ್ದಾಳೆ. ಗಾಡಿ ಅಲುಗುತ್ತದೆ ಎಂದು ನರ್ಸಾದ ಅವಳೇ ಬರೆದರೆ ಆರೋಗ್ಯ ಇಲಾಖೆಯ ಮೇಲಿನವರ ಉತ್ತರ — ಬಣ್ಣ ಹೊಡೆಸಿ. ಮುಚ್ಚಿಡುವವರೇ ಕೊಲ್ಲುವವರು. ನಮ್ಮ ಸಂಘಟನೆಯ ಕರಪತ್ರಕ್ಕೆ ಒಳ್ಳೆಯ ಸಾಲು.

ಮಾರ್ಚ್ 5
ಮಾವ ಬಿರುಕಿನ ತುದಿಗಳಿಗೆ ತೂತು ಕೊರೆದರು, ಮುಂದೆ ಓಡದಂತೆ. ಬೆಸುಗೆ ತುಂಬಿದರು. ಅದರ ಮೇಲೆ ಗಟ್ಟಿಗಾಗಿ ಕಬ್ಬಿಣದ ಪಟ್ಟಿ ಕೂರಿಸುವುದು ನನ್ನ ಪಾಲು. ಪೈಪಿನ ಉದ್ದಕ್ಕೆ ಮಾತ್ರ ಬೆಸೆಯಬೇಕಂತೆ. ತುದಿಗಳಲ್ಲಿ ಅಡ್ಡ ಬೆಸೆಯಬಾರದಂತೆ.
"ಅರ್ಧ ಬೆಸೆದ್ರೆ ಅರ್ಧ ಕೆಲಸ ಅಲ್ವಾ ಮಾವ?"
"ಪೈಪು ಒಂಚೂರು ಬಾಗ್ಬೇಕು ಕಣೇ. ಎಲ್ಲಾ ಕಡೆ ಬಿಗಿದ್ರೆ ಪಟ್ಟಿ ಪಕ್ಕದಲ್ಲೇ ಬಿರುಕು ಬಿಟ್ಕೊಳ್ಳುತ್ತೆ."
ಬಾಗಬೇಕು! ಮೂವತ್ತು ವರ್ಷ ಕಂಡಕಂಡವರೆದುರು ಬಾಗಿದವರು ಇನ್ನೇನು ಹೇಳಿಯಾರು.

ಮಾರ್ಚ್ 6, ಮಧ್ಯಾಹ್ನ
ಮಾವ ಕಣ್ಣಿನ ಡಾಕ್ಟರ ಬಳಿ ಹೋಗಿದ್ದರು. ನಾನೇ ಬೆಸೆದೆ. ದಪ್ಪ ಪಟ್ಟಿ, ನಾಲ್ಕೂ ಕಡೆ. ರಾಜಿ ಇಲ್ಲ. ಕಪ್ಪು ಬಣ್ಣವನ್ನೂ ಹೊಡೆದೆ. ಮಾವ ಬಂದಾಗ ಕಣ್ಣಿಗೆ ಹನಿ ಹಾಕಿದ್ದರು, ಎಲ್ಲ ಮಸುಕು.
"ತುದಿ ಬಿಟ್ಟಿದೀಯ ತಾನೇ?"
ಹೂಂ ಅಂದೆ.

ಮಾರ್ಚ್ 12
ಗಾಡಿ ಜೋಡಿಸಿ ಮುಗಿಯಿತು. ಪಟ್ಟಿ ಈಗ ಕವರಿನ ಒಳಗೆ, ಯಾರಿಗೂ ಕಾಣದು. ಅಕ್ಕ ಬಂದಳು.
"ಏನಮ್ಮ ಕ್ರಾಂತಿ, ಭಾಷಣ ಆಮೇಲೆ. ಬ್ರೇಕ್ ಹಿಡಿಯುತ್ತಾ ಹೇಳು."
ಕಲ್ಲುದಾರಿಯಲ್ಲಿ ಒಂದು ಗಂಟೆ ಓಡಿಸಿ ನಗುತ್ತ ಮರಳಿದಳು. ನಾಳೆ ಗುಡ್ಡದ ಮೇಲೆ ಮಕ್ಕಳಿಗೆ ಲಸಿಕೆ.
ಸಂಜೆ ಯಾರದೋ ಟ್ರೇಲರ್ ರಿಪೇರಿಗೆ ಬಂತು. ಮಾವ ಕರೆದು ತೋರಿಸಿದರು. "ಯಾವನೋ ಪುಣ್ಯಾತ್ಮ ಸುತ್ತಾ ಬೆಸೆದಿದಾನೆ. ಪಟ್ಟಿ ಕಲ್ಲುಗುಂಡಿನ ಹಾಗಿದೆ. ಪೈಪೇ ತುಂಡಾಗಿದೆ ನೋಡು."
ನೋಡಿದೆ. ಪಟ್ಟಿಯ ಅಂಚಿಗೇ, ಚಾಕುವಿನಲ್ಲಿ ಕೊಯ್ದ ಹಾಗೆ…

ಮಾರ್ಚ್ 13, ಬೆಳಿಗ್ಗೆ 8
ಅಕ್ಕ ಪೆಟ್ಟಿಗೆ ಕಟ್ಟುತ್ತಿದ್ದಳು. ಹೇಳಿದೆ. ಬೆಸುಗೆಯದ್ದು, ಹೂಂ ಅಂದದ್ದು, ಎರಡನ್ನೂ.
ಮಾವ ಕವರು ಬಿಚ್ಚಿ ಬಣ್ಣ ಕೆರೆದರು. ಅಡ್ಡ ಬೆಸುಗೆಯ ಅಂಚಿನಲ್ಲಿ ಹೊಸ ಗೆರೆ. ಒಂದೇ ಗಂಟೆ ಓಡಿದ್ದಕ್ಕೆ. ಅಕ್ಕ ಅದರ ಮೇಲೆ ಉಗುರು ಎಳೆದಳು. ಉಗುರು ಸಿಕ್ಕಿಕೊಂಡಿತು.
"ಒಂದು ಮಾತು ನನ್ನ ಕೇಳ್ಬಾರ್ದಿತ್ತಾ?" ಎಂದರು ಮಾವ.
"ಕೇಳಿದ್ದೆ. ನೀವು ಹೇಳಿದ್ರಿ. ನಾನೇ…"
ಅಕ್ಕ ಹಗ್ಗ ಬಿಚ್ಚಿ ಪೆಟ್ಟಿಗೆ ಕೆಳಗಿಳಿಸಿದಳು. ಲಸಿಕೆಯನ್ನು ಮತ್ತೆ ಫ್ರಿಜ್ಜಿಗೆ ಸೇರಿಸಬೇಕು, ಮೇಲೆ ಕಾಯುತ್ತಿರುವ ತಾಯಂದಿರಿಗೆ ಹೇಳಿ ಕಳಿಸಬೇಕು. ಬೈದಿದ್ದರೆ ಚೆನ್ನಾಗಿತ್ತು.
"ಎಷ್ಟು ಹೊತ್ತು ಹಿಡಿಯುತ್ತೆ?"
"ಮಾವ ಮಾಡಿದ್ರೆ ಮಧ್ಯಾಹ್ನದೊಳಗೆ."
"ನೀನು ಮಾಡಿದ್ರೆ?"
"ಸಂಜೆ ಆಗುತ್ತೆ."
"ಸರಿ, ನಾಳೆ ಹೋಗ್ತೀನಿ. ನೀನೇ ಮಾಡು."
ಮಾವ ಬೆಸುಗೆ ಉಜ್ಜುವ ಗ್ರೈಂಡರ್ ಬೆಂಚಿನ ಮೇಲಿಟ್ಟು ಕಾಯುತ್ತಿದ್ದಾರೆ. ಮೊದಲು ಅಡ್ಡ ಬೆಸುಗೆ ತೆಗೆಯಬೇಕು, ಪೈಪಿಗೆ ತಾಗದ ಹಾಗೆ, ಆಮೇಲೆ ಬಿರುಕು ತುಂಬಿ ಹೊಸ ಪಟ್ಟಿ, ಉದ್ದಕ್ಕೆ ಮಾತ್ರ, ತುದಿ ಬಿಟ್ಟು.