ಬೇರೆ ಇಟ್ಟ ಲೋಟ

ಮಲ್ಲೇಶ್ವರ, ಗುರುವಾರ

ಡಾಕ್ಟರ್ ಯಶಶ್ರೀ ಅವರಿಗೆ ರಂಗನಾಯಕಿಯ ನಮಸ್ಕಾರ.

ಗರ್ಭಕಂಠದ ಪರೀಕ್ಷೆಯಲ್ಲಿ ನನಗೆ ವೈರಸ್ ಕಾಣಿಸಿದೆ ಎಂದು ನೀವು ಹೇಳಿ ಎಂಟು ದಿನವಾಯಿತು. ಅದು ಕ್ಯಾನ್ಸರ್ ಎಂದೇನೂ ಅಲ್ಲ, ಇನ್ನೊಂದು ಪರೀಕ್ಷೆ ಆಗಬೇಕು ಎಂದಿರಿ. ಸೋಮವಾರ ತಪ್ಪದೆ ಬರುತ್ತೇನೆ.

ಅಂದಿನಿಂದ, ಕೊರೋನಾ ಕಾಲದ ಹಾಗೆ, ತಟ್ಟೆ ಲೋಟ ಬೇರೆ ಇಟ್ಟುಕೊಂಡು ಒಬ್ಬಳೇ ಮಲಗುತ್ತಿದ್ದೇನೆ. ಮನೆಯಲ್ಲಿ ನೆಗಡಿ ಎಂದಿದ್ದೇನೆ. ಐದು ವರ್ಷದ ಮೊಮ್ಮಗಳು ತನ್ಮಯಿಗೆ ನನ್ನ ಪಕ್ಕದಲ್ಲೇ ಮಲಗಿ ಅಭ್ಯಾಸ. ನಿನ್ನೆ ತನ್ನ ಲೋಟವನ್ನೂ ತಂದು ನನ್ನದರ ಪಕ್ಕ ಇಟ್ಟು, "ನಂಗೂ ನೆಗಡಿ" ಎಂದಳು.

ಅವಳು ಪಕ್ಕದಲ್ಲಿ ಮಲಗಬಹುದೇ? ಅವತ್ತು ಮುಜುಗರವಾಗಿ ಕೇಳಲಿಲ್ಲ. ಫೋನ್ ಬೇಡ, ಎತ್ತುವವಳು ಸೊಸೆ. ಕಾಗದ ತಂದಿರುವ ಹೂವಿನ ಚಿಕ್ಕಮುನಿಯಮ್ಮನ ಕೈಯಲ್ಲೇ ಉತ್ತರ ಬರೆದು ಕೊಡಿ.

ಕ್ಯಾನ್ಸರ್ ವಿಷಯ ಸೋಮವಾರ ಕೇಳುತ್ತೇನೆ. ಇದನ್ನು ಇವತ್ತೇ ಹೇಳಿ.

ನಿಮ್ಮ ಉತ್ತರಕ್ಕೆ ಕಾದಿರುವ,
ರಂಗನಾಯಕಿ