ಮುಚ್ಚಳ ಬಿದ್ದ ರೆಕಾರ್ಡಿಂಗ್

ಬಾಡಿಗೆ ಮನೆಯಿಂದ,
ಮಾರ್ಚ್ ೯, ಸೋಮವಾರ ಮಧ್ಯಾಹ್ನ

ಪ್ರೀತಿಯ ಮಗನೇ,

ಕೈ ಹೇಗಿದೆ? ಊತ ಇಳಿಯಿತೇ? ಮಲಗುವಾಗ ಪಟ್ಟಿ ಹಾಕಿದ ಕೈಯನ್ನು ದಿಂಬಿನ ಮೇಲೆ ಎತ್ತರಕ್ಕೆ ಇಟ್ಟುಕೋ, ಜೋತು ಬಿಟ್ಟರೆ ನೋವು ಹೆಚ್ಚುತ್ತದೆ. ನಿನಗೆ ನಿನ್ನ ಅಕ್ಕನೇ ತುತ್ತು ಮಾಡಿ ತಿನ್ನಿಸುತ್ತಿದ್ದಾಳಂತೆ. ನೀನೋ, ಉಪ್ಪು ಸಾಲದು, ಬಿಸಿ ಸಾಲದು ಎಂದು ಅವಳ ಮೇಲೆ ಹಾರಾಡುತ್ತಿದ್ದೀಯಂತೆ. ಫೋನಿನಲ್ಲಿ ಅತ್ತಳು ಪಾಪ. ಕೈ ಮುರಿದರೂ ನಾಲಿಗೆಗೆ ಏನೂ ಆಗಿಲ್ಲವಲ್ಲ ಎಂದು ನನಗೆ ಸಮಾಧಾನವಾಯಿತು. ಹೆತ್ತ ಕರುಳು ಕಣೋ, ಏನು ಮಾಡಲಿ. ನಿನ್ನನ್ನು ಆಸ್ಪತ್ರೆಗೆ ಕರೆದೊಯ್ದ ದಿನ ನನಗೂ ಅನ್ನ ಸೇರಲಿಲ್ಲ. ಇದನ್ನು ಓದಿ ಹಿಗ್ಗಬೇಡ, ಮುಂದೆ ಓದು.

ನಿನ್ನೆ ಠಾಣೆಯಿಂದ ಒಬ್ಬ ಪೊಲೀಸಿನವರು ಮನೆಗೆ ಬಂದಿದ್ದರು. ನಮ್ಮ ಗುಬ್ಬಿ ಬೇಕೆಂದೇ ಪಿಯಾನೋದ ಮುಚ್ಚಳವನ್ನು ನಿನ್ನ ಕೈ ಮೇಲೆ ಬೀಳಿಸಿದಳು ಎಂದು ನೀನು ದೂರು ಕೊಟ್ಟಿದ್ದೀಯಂತೆ. ಸ್ವಂತ ಮಗಳ ಮೇಲೆ! ಥೂ, ನಿನ್ನ ಬುದ್ಧಿಗಿಷ್ಟು ಬೆಂಕಿ ಹಾಕ. ನಾಳೆ ಬೆಳಿಗ್ಗೆ ಅವಳು ಠಾಣೆಗೆ ಹೋಗಬೇಕು. ಅಷ್ಟು ಸಾಲದೆಂದು ರೆಕಾರ್ಡಿಂಗ್ ಕಂಪನಿಯವರಿಗೂ ಸುದ್ದಿ ಮುಟ್ಟಿಸಿದ್ದೀಯ. ಕೇಸು ಇತ್ಯರ್ಥವಾಗದೆ ಅವಳ ಆಲ್ಬಮ್ ಹೊರಗೆ ತರುವುದಿಲ್ಲ ಎಂದು ಅವರು ಕೈ ತೊಳೆದುಕೊಂಡರು. ಅವಳ ಮೊದಲ ಆಲ್ಬಮ್ ಕಣೋ ಅದು. ಯುರೋಪಿನ ರೊಮ್ಯಾಂಟಿಕ್ ಕಾಲದವರು ಎದೆ ಬಿಚ್ಚಿ ಬರೆದಿಟ್ಟು ಹೋದ ಪಿಯಾನೋ ಸಂಗೀತ, ಅದನ್ನು ನುಡಿಸಲು ಆ ಹುಡುಗಿ ಊಟ ನಿದ್ದೆ ಬಿಟ್ಟು ಬೆನ್ನು ಬಗ್ಗಿಸಿದ್ದಾಳೆ. ಪೊಲೀಸಿನವರು ಏನು ಕೇಳಿದರೂ ಅವಳು ತುಟಿ ಬಿಚ್ಚಲಿಲ್ಲ. ಗೋಡೆ ನೋಡುತ್ತ ಕೂತಿದ್ದಳು.

ನಿನ್ನ ಪಾಠದ ರೀತಿ ನನಗೆ ಗೊತ್ತಿಲ್ಲವೇ? ಒಂದು ಸ್ವರ ತಪ್ಪಿದರೆ ಸಾಕು, ಪಿಯಾನೋದ ಒಳಗೆ ಕೈ ಹಾಕಿ ತಂತಿಗಳನ್ನು ಅಂಗೈಯಿಂದ ಒತ್ತಿ ಹಿಡಿಯುತ್ತಿದ್ದೆ. ಕತ್ತು ಹಿಸುಕಿದ ಹಾಗೆ ಸದ್ದು ಅಲ್ಲೇ ಸಾಯುತ್ತಿತ್ತು. ಆಮೇಲೆ ಆ ಮರದ ಪಟ್ಟಿಯ ಏಟು. ಮಗುವಿನ ಗೆಣ್ಣುಗಳು ಬಿರಿಯುತ್ತಿದ್ದವು, ಬಿಳಿ ಕೀಲಿಗಳ ಮೇಲೆ ರಕ್ತ ಅಂಟುತ್ತಿತ್ತು, ಅದನ್ನು ಅವಳ ಕೈಯಲ್ಲೇ ಒರೆಸಿಸುತ್ತಿದ್ದೆ. ಅಡ್ಡ ಬಂದ ನನಗೂ ಬಿದ್ದಿದೆ. "ಸಂಗೀತ ನಿಂಗೇನಮ್ಮ ಗೊತ್ತು, ಒಳಗ್ ಹೋಗು" ಅನ್ನುತ್ತಿದ್ದೆ. ಸಂಗೀತ ನನಗೆ ಗೊತ್ತಿಲ್ಲ, ಒಪ್ಪಿದೆ. ಹೊಡೆತ ಯಾವುದು ಎಂದು ಗೊತ್ತು. ಅವಳ ತಾಯಿ ಇದ್ದಿದ್ದರೆ ಏನು ಮಾಡುತ್ತಿದ್ದಳೋ, ಪುಣ್ಯಾತ್ಗಿತ್ತಿ ಇದನ್ನೆಲ್ಲ ನೋಡದೆ ಹೋದಳು. ಗುಬ್ಬಿಯನ್ನು ಕರೆದುಕೊಂಡು ನಾನು ನಿನ್ನ ಮನೆ ಬಿಟ್ಟು ಬಂದದ್ದು ಸುಮ್ಮನೆ ಅಲ್ಲ.

ಇನ್ನು ಆ ದಿನದ ಮಾತು. ಸ್ಟುಡಿಯೋದಲ್ಲಿ ನನ್ನದು ಹಾಳೆ ತಿರುಗಿಸುವ ಕೆಲಸ. ನನಗೆ ಸ್ವರಲಿಪಿ ಓದಲು ಬರುವುದಿಲ್ಲ, ಗುಬ್ಬಿ ಗಲ್ಲ ಎತ್ತಿದರೆ ತಿರುಗಿಸಬೇಕು, ಅಷ್ಟೇ. ಸದ್ದು ಮೈಕಿಗೆ ಬೀಳುತ್ತದೆ ಎಂದು ಬಳೆ ಕೂಡ ಬಿಚ್ಚಿ ಚೀಲದಲ್ಲಿ ಇಟ್ಟಿದ್ದೆ. ಆ ಹೊತ್ತಿಗೆ ಅವಳು ನುಡಿಸುತ್ತಿದ್ದ ರಾತ್ರಿಗೀತೆಗೆ, ನಾಕ್ಟರ್ನ್ ಅನ್ನುತ್ತೀರಲ್ಲ ಅದಕ್ಕೆ, ಹಾಳೆಯೇ ಬೇಡ, ಬಾಯಿಪಾಠ. ಹಾಗಾಗಿ ನಾನು ಅವಳ ಬಲಗಡೆ, ಪಿಯಾನೋದ ತಂತಿಗಳ ಮೇಲಿನ ದೊಡ್ಡ ಮುಚ್ಚಳವನ್ನು ಎತ್ತಿ ಹಿಡಿದ ಕೋಲಿನ ಹತ್ತಿರ ಸ್ಟೂಲು ಹಾಕಿಕೊಂಡು ಕೂತಿದ್ದೆ. ಹಾಡಿನ ನಡುವೆ ಒಂದು ಕಡೆ, ಸ್ವರ ಮೇಲೇರುವ ಮುಂಚೆ, ಅವಳು ಒಂದು ಉಸಿರಿನಷ್ಟು ತಡೆಯುತ್ತಾಳೆ. ಗಾಜಿನ ಆಚೆ ಕೂತ ರೆಕಾರ್ಡಿಂಗಿನವರು ಅದನ್ನು ಕೇಳಿ "ಆಹಾ, ಎಂಥಾ ಭಾವ! ಎದೆ ಝಲ್ ಅಂತು" ಎಂದು ಕೊಂಡಾಡಿದರು. ಭಾವ ಅಂತೆ! ಅಲ್ಲೇ ಅಲ್ಲವೇನೋ ನೀನು ಪಟ್ಟಿ ಎತ್ತುತ್ತಿದ್ದದ್ದು? ಏಟು ಬಿದ್ದೇ ಬೀಳುತ್ತದೆ ಎಂದು ಅವಳ ಕೈ ಇವತ್ತಿಗೂ ಅಲ್ಲಿ ಕಾಯುತ್ತದೆ.

ಮತ್ತೆ ಮೊದಲಿನಿಂದ ನುಡಿಸಲು ಶುರು ಮಾಡಿದಳು. ಆಗ ನೀನು ಬಂದೆ. ಯಾರು ಹೇಳಿದರೋ, ಯಾರು ಒಳಗೆ ಬಿಟ್ಟರೋ. ಬಾಗಿಲು ಒದ್ದ ಹಾಗೆ ತೆರೆಯಿತು. ತಂದೆಯನ್ನು ಕರೆಯದೆ, ಗುರುವಿನ ಹೆಸರು ಹಾಕದೆ ಆಲ್ಬಮ್ ಮಾಡುತ್ತೀಯೇನೇ ಎಂದು ಕೂಗಾಡಿದೆ. ಅವಳು ತಿರುಗಿ ನೋಡಲಿಲ್ಲ, ನುಡಿಸುತ್ತಲೇ ಇದ್ದಳು. ನೀನು ಬಲಗೈ ಒಳಗೆ ತೂರಿಸಿ ತಂತಿ ಒತ್ತಿದೆ. ನಡುವಿನ ಸ್ವರಗಳು ಸತ್ತವು. ಅವಳು ಎಡಗೈಯನ್ನು ಕೆಳತುದಿಗೂ ಬಲಗೈಯನ್ನು ಮೇಲ್ತುದಿಗೂ ಒಯ್ದಳು, ನಿನ್ನ ಕೈ ಎಟುಕದ ತಂತಿಗಳ ಕೀಲಿಗಳನ್ನು ಹುಡುಕಿ ಗುದ್ದತೊಡಗಿದಳು. ರಾತ್ರಿಗೀತೆ ಹೋಯಿತು, ಯುದ್ಧ ಬಂತು. ನೀನು ಎಡಗೈಯಲ್ಲಿ ಅವಳ ಜಡೆ ಹಿಡಿದು ತಲೆ ಹಿಂದಕ್ಕೆ ಎಳೆದೆ. ಕುತ್ತಿಗೆಯ ನರ ಉಬ್ಬಿ ನಿಂತಿತು. "ನಿಲ್ಸೇ, ನಿಲ್ಸೇ, ಬೆರಳು ಮುರೀತೀನಿ" ಅಂದೆ. ಅವಳು ಮೇಲ್ಛಾವಣಿ ನೋಡುತ್ತಲೇ ನುಡಿಸಿದಳು. ಇಷ್ಟು ವರ್ಷದಲ್ಲಿ ಮೊದಲ ಸಲ ಅವಳು ನಿಲ್ಲಿಸಲಿಲ್ಲ ಕಣೋ. ಆಗ ಮುಚ್ಚಳ ಬಿತ್ತು. ಆ ದಪ್ಪ ಮರ ನಿನ್ನ ಮಣಿಕಟ್ಟಿನ ಮೇಲೆ ಬಿದ್ದಾಗ ಲಟಕ್ ಎಂದದ್ದು ನನ್ನ ಹಲ್ಲಿನವರೆಗೂ ತಾಗಿತು.

ಮುಚ್ಚಳ ಅವಳೇ ಕೆಡವಿದಳು ಅನ್ನುತ್ತೀಯ. ಅವಳ ಕಡೆಗೇ ಕಣ್ಣು ಕೆಕ್ಕರಿಸಿದ್ದವನಿಗೆ ಅವಳ ಕೈ ಎಲ್ಲಿತ್ತೆಂದು ಕಾಣಲಿಲ್ಲವೇ? ಗಾಜಿನ ಆಚೆಯವರಿಗೆ ಎತ್ತಿದ ಮುಚ್ಚಳದ ಮರೆಯಲ್ಲಿ ಏನೂ ಕಂಡಿಲ್ಲ, ಹೊರಗಿನ ಸಾಕ್ಷಿ ಇಲ್ಲ ಎಂದು ನಿನಗೆ ಧೈರ್ಯ. ಆದರೆ ಮೈಕು ಆರಿಸಿರಲಿಲ್ಲ ಮಹಾರಾಯ. ಇವತ್ತು ಬೆಳಿಗ್ಗೆ ಸ್ಟುಡಿಯೋಗೆ ಹೋಗಿ ಕಿವಿಗೆ ಹೆಡ್‌ಫೋನ್ ಹಾಕಿಕೊಂಡು ಎಲ್ಲ ಕೇಳಿ ಬಂದೆ. ನೀನು ಬಾಗಿಲು ಒದ್ದದ್ದಿದೆ, ಬೈದದ್ದಿದೆ, ಜಡೆ ಎಳೆದಾಗ ಅವಳ ಗಂಟಲಿನಿಂದ ಬಂದ ಸದ್ದಿದೆ. ಆಮೇಲೆ ಕೋಲು ಸರ್ರೆಂದು ಜಾರುತ್ತದೆ. ಅದೇ ಕ್ಷಣದಲ್ಲಿ ಕೆಳಗಿನ ದಪ್ಪ ಸ್ವರವೂ ಮೇಲಿನ ಸಣ್ಣ ಸ್ವರವೂ ಒಟ್ಟಿಗೆ ಮೊಳಗುತ್ತವೆ, ಮುಚ್ಚಳ ಬಿದ್ದ ಮೇಲೂ ಮೊಳಗುತ್ತವೆ. ಎರಡು ಕೈ ಎರಡು ತುದಿಯಲ್ಲಿ. ಕೋಲು ಎಳೆಯಲು ಮೂರನೇ ಕೈಯನ್ನು ಅವಳಿಗೆ ದೇವರು ಕೊಟ್ಟಿಲ್ಲ. ರೆಕಾರ್ಡಿಂಗಿನವರು ಅದರದೊಂದು ಪ್ರತಿಯನ್ನು ಪೆನ್‌ಡ್ರೈವಿಗೆ ಹಾಕಿ ನನ್ನ ಕೈಗೆ ಕೊಟ್ಟಿದ್ದಾರೆ, ಈಗ ನನ್ನ ಸೆರಗಿನ ಗಂಟಿನಲ್ಲಿದೆ.

ಮರ್ಯಾದೆಯಿಂದ ದೂರು ವಾಪಸ್ ತೆಗೆದುಕೋ. ಆಲ್ಬಮ್ ಮೇಲೆ ನಿನ್ನ ಹೆಸರು ಬರುವುದಿಲ್ಲ, ಆ ಆಸೆ ಬಿಡು. ಅವಳ ಗೆಣ್ಣುಗಳ ಮೇಲೆ ಬೇಕಾದಷ್ಟು ಸಲ ಬರೆದಿದ್ದೀಯಲ್ಲ, ಸಾಕು. ಗುಬ್ಬಿ ಮೆಟ್ಟಿಲು ಹತ್ತುತ್ತಿರುವ ಸದ್ದು ಕೇಳುತ್ತಿದೆ, ಅವಳ ಮುಂದೆ ಇದನ್ನು ಬರೆಯಲಾರೆ. ಅಕ್ಕನಿಗೂ ಭಾವನಿಗೂ ನನ್ನ ನೆನಪು ತಿಳಿಸು. ಹೊತ್ತಿಗೆ ಸರಿಯಾಗಿ ಔಷಧಿ ತಗೋ. ದೇವರು ನಿನ್ನ ಮೂಳೆಯನ್ನು ಕೂಡಿಸಲಿ, ಬುದ್ಧಿಯನ್ನೂ ಕೊಡಲಿ, ಒಂದೇ ಕೊಡುವುದಾದರೆ ಬುದ್ಧಿ ಮೊದಲು ಕೊಡಲಿ.

ಇಂತಿ ನಿನ್ನನ್ನು ಹೆತ್ತ,
ಅಮ್ಮ

ಮ.ವಿ.: ಅವಳು ಸ್ನಾನಕ್ಕೆ ಹೋಗಿದ್ದಾಳೆ, ಬೇಗ ಬೇಗ ಬರೆಯುತ್ತಿದ್ದೇನೆ. ಕೋಲು ಎಳೆದವಳು ನಾನು. ಜಾರಿದ್ದಲ್ಲ, ಕೈ ತಾಗಿದ್ದಲ್ಲ, ನಿನ್ನ ಬಲಗೈ ಒಳಗಿರುವುದನ್ನು ನೋಡಿಯೇ ಎಳೆದೆ. ಗುಬ್ಬಿ ಅದನ್ನು ಕಂಡಿದ್ದಾಳೆ, ನನ್ನನ್ನು ಉಳಿಸಲೆಂದೇ ಬಾಯಿ ಮುಚ್ಚಿಕೊಂಡು ಜೈಲಿಗೂ ತಯಾರಾಗಿದ್ದಾಳೆ. ನಾಳೆ ಅವಳು ಏಳುವ ಮುಂಚೆಯೇ ನಾನು ಠಾಣೆಗೆ ಹೋಗುತ್ತೇನೆ. ಬೇಕಿದ್ದರೆ ದೂರಿನಲ್ಲಿ ಅವಳ ಹೆಸರು ಹೊಡೆದು ನಿನ್ನ ತಾಯಿಯ ಹೆಸರು ಬರೆಸು. ಒಂದು ಮಾತು ನೆನಪಿಟ್ಟುಕೋ, ಜಡೆ ಹಿಡಿದ ಎಡಗೈ ಇನ್ನೂ ನೆಟ್ಟಗಿದೆ. ಅದನ್ನು ಜೋಪಾನ ಮಾಡಿಕೋ ಮಗನೇ.