ಮೆಸ್ಸಿನಲ್ಲಿ ಕುಡಿದ ನೀರು

ಪ್ರೀತಿಯ ಅಪ್ಪಾ,

ನಲ್ಲಿ ನೀರಿನಲ್ಲಿ ಕಾಲರಾ ಇದೆ, ಕುಡಿಯಬೇಡಿ ಅಂತ ಜಿಲ್ಲೆಯ ನೀರು ಸರಬರಾಜಿನ ಮುಖ್ಯಸ್ಥರಾಗಿ ನೀವೇ ಜನರಿಗೆ ಹೇಳಿ ಸಸ್ಪೆಂಡ್ ಆದದ್ದು ಹಾಸ್ಟೆಲ್ಲಿಗೆಲ್ಲ ಗೊತ್ತಾಗಿದೆ. ನಿನ್ನೆ ಮೆಸ್ಸಿನಲ್ಲಿ ಸೀನಿಯರ್ಸ್ ಒಂದು ಲೋಟ ನಲ್ಲಿ ನೀರು ತಂದಿಟ್ಟರು.

"ಏನೋ ಕಾಲರಾ ಸಾಹೇಬರ ಮಗನೇ, ನಿಮ್ಮಪ್ಪ ಬಿಟ್ಟದ್ದು ಬುರುಡೆ ತಾನೆ? ಕುಡಿದು ತೋರಿಸು ನೋಡೋಣ."

ಎಲ್ಲರೂ ನಗ್ತಿದ್ದರು. ಕುಡಿದುಬಿಟ್ಟೆ ಅಪ್ಪಾ. ನೀವು ಹೇಳಿದ್ದು ನಿಜ ಅಂತ ಗೊತ್ತಿದ್ದೂ ಕುಡಿದೆ.

ಹೇಳಿಕೆ ವಾಪಸ್ ತಗೊಂಡರೆ ಕೆಲಸಕ್ಕೆ ಕರೀತಾರಂತೆ, ಅಪ್ಪನಿಗೆ ನೀನಾದರೂ ಹೇಳು ಅಂತ ಅಮ್ಮ ಫೋನ್ ಮಾಡಿದ್ದಳು. ತಗೋಬೇಡಿ. ಪ್ಲೀಸ್.

ವಾಂತಿ, ಭೇದಿ ಶುರುವಾಗೋಕೆ ಎಷ್ಟು ದಿನ ಬೇಕು? ಯಾವ ಮಾತ್ರೆ ತಗೊಳ್ಳಲಿ? ಬೇಗ ಬರೆಯಿರಿ. ಫೋನ್ ಬೇಡ, ರೂಮಿನವರು ಕೇಳಿಸಿಕೊಳ್ತಾರೆ.

ನಿಮ್ಮ ಮಗ